ಕಲ್ಲಾಗುವ ಮೊದಲೇ ಕಿಡ್ನಿ ಕೆಡಿಸುವ ಆಕ್ಸಲೇಟ್

ಕೊಲೆಸ್ಟ್ರಾಲ್ ಇಳಿಯುತ್ತದೆಂದು ನಂಬಿ ಬಿಂಬುಳಿ ಕಾಯಿಯ ರಸ ಕುಡಿದ 10 ಮಂದಿಯ ಕಿಡ್ನಿ ಇದ್ದಕ್ಕಿದ್ದಂತೆ ಕೈಕೊಟ್ಟ ಸಂಗತಿಯನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಬಯಾಪ್ಸಿ ಮಾಡಿದಾಗ ಕಿಡ್ನಿಯ ಸೂಕ್ಷ್ಮನಾಳಗಳಲ್ಲಿ ಕಂಡದ್ದು ಆಕ್ಸಲೇಟ್ ಹರಳುಗಳು. ನಮ್ಮ ಕರಾವಳಿಯ ಹಿತ್ತಿಲುಗಳಲ್ಲೂ ಇದೇ ಬಿಂಬುಳಿ ಗೊಂಚಲುಗೊಂಚಲಾಗಿ ಬಿಡುತ್ತದೆ. ಆರೋಗ್ಯವಂತರು ಸಾರಿಗೋ ಉಪ್ಪಿನಕಾಯಿಗೋ ನಾಲ್ಕು ಕಾಯಿ ಹಾಕಿಕೊಂಡರೆ ಹೆದರಬೇಕಿಲ್ಲ. ಔಷಧಿಯೆಂದು ಹಿಂಡಿ ಲೋಟಗಟ್ಟಲೆ ಕುಡಿಯುವುದು ಅಪಾಯ.

ಬಿಂಬುಳಿಯ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲವನ್ನು (ಅದರ ಲವಣವೇ ಆಕ್ಸಲೇಟ್) ಒಡೆಯುವ ಕಿಣ್ವ ಮನುಷ್ಯರಿಗಿಲ್ಲ. ರಕ್ತ ಸೇರಿದ್ದು ಬಹುತೇಕ ಮೂತ್ರದ ದಾರಿಯಲ್ಲೇ ಹೊರಹೋಗಬೇಕು. ಅಲ್ಲಿ ಅದು ಕ್ಯಾಲ್ಸಿಯಂ ಜೊತೆ ಕೂಡಿ ನಿಧಾನವಾಗಿ ಗಟ್ಟಿಯಾದರೆ ಕಲ್ಲು. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಈ ಬಗೆಯವೇ. ಒಮ್ಮೆಗೇ ನುಗ್ಗಿದರೆ ಕಲ್ಲು ಕಟ್ಟುವ ಮೊದಲೇ ನಾಳಗಳು ಮುಚ್ಚಿಹೋಗುತ್ತವೆ. ಕಲ್ಲಾದರೆ ನೋವು ಎಚ್ಚರಿಸುತ್ತದೆ. ಈ ಹರಳುಗಳು ಎಷ್ಟೋ ಬಾರಿ ಸದ್ದಿಲ್ಲದೆ ಕೂರುತ್ತವೆ, ಕಿಡ್ನಿ ಸೋಲುತ್ತಿರುವುದನ್ನು ತೋರುವ ರಕ್ತದ ಕ್ರಿಯಾಟಿನಿನ್ ಏರಿದ್ದು ಗೊತ್ತಾಗುವಷ್ಟರಲ್ಲಿ ಹಾನಿ ಆಗಿರುತ್ತದೆ.

ನನ್ನ ಆತಂಕ ಬಿಂಬುಳಿಗಷ್ಟೇ ಸೀಮಿತವಲ್ಲ. ಹಸಿ ಪಾಲಕ್ ರುಬ್ಬಿದ ಜ್ಯೂಸ್ ಬೆಳಗಿನ ಆರೋಗ್ಯಪಾನೀಯವಾಗಿದೆ. ಸೊಪ್ಪು ಬೇಯಿಸಿ ನೀರು ಬಸಿದರೆ ಒಂದಷ್ಟು ಆಕ್ಸಲೇಟ್ ಹೋಗುತ್ತದೆ, ಜ್ಯೂಸಿನಲ್ಲಿ ಅದೆಲ್ಲ ಹೊಟ್ಟೆಗೇ. ದೊಡ್ಡ ಪ್ರಮಾಣದ ವಿಟಮಿನ್ ಸಿ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗುವವರೂ ಇದ್ದಾರೆ. ದೇಹದಲ್ಲಿ ಅದರ ಒಂದು ಭಾಗ ಆಕ್ಸಲೇಟ್ ಆಗುತ್ತದೆ. ಸ್ವೀಡನ್ನಿನ 23,000ಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ಅಧ್ಯಯನವೊಂದು (2013) ಈ ಮಾತ್ರೆ ನುಂಗುವವರಲ್ಲಿ ಕಲ್ಲಿನ ಸಾಧ್ಯತೆ ಸುಮಾರು ಇಮ್ಮಡಿ ಎಂದು ಕಂಡಿತು.

ದೇಹದಲ್ಲಿ ಆಕ್ಸಲೇಟ್ ಎಷ್ಟಿದೆ ಎಂದು ಅಳೆದು ನೋಡಬಹುದಲ್ಲ? ನೋಡಬಹುದು, ಆದರೆ ಅಳತೆಯೇ ಸೂಕ್ಷ್ಮ. 24 ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸಬೇಕು. ದಿನಕ್ಕೆ ಸುಮಾರು 40ರಿಂದ 45 ಮಿಲಿಗ್ರಾಂ ದಾಟಿದರೆ ಹೆಚ್ಚು. ಮೂತ್ರಕ್ಕೆ ಆಮ್ಲ ಹಾಕದೆ ಇಟ್ಟರೆ ಆಕ್ಸಲೇಟ್ ಹರಳಾಗಿ ತಳಕ್ಕಿಳಿದು ಲೆಕ್ಕ ಕಡಿಮೆ ಬರುತ್ತದೆ. ಮೂತ್ರ ಕ್ಷಾರವಾಗಿದ್ದು ಅದರಲ್ಲಿ ವಿಟಮಿನ್ ಸಿ ಇದ್ದರೆ ಅದು ಬಾಟಲಿಯಲ್ಲೇ ಆಕ್ಸಲೇಟ್ ಆಗಿ ಲೆಕ್ಕ ಉಬ್ಬುತ್ತದೆ. ಪರೀಕ್ಷೆಯಲ್ಲಿ ಬಳಸುವ ಆಕ್ಸಲೇಟ್ ಆಕ್ಸಿಡೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಅದರಿಂದ ಮೂಡುವ ಬಣ್ಣವನ್ನು ಯಂತ್ರ ಓದುತ್ತದೆ. ವಿಟಮಿನ್ ಸಿ ಆ ಬಣ್ಣಕ್ಕೂ ಅಡ್ಡಬರುತ್ತದೆ. ರಕ್ತದ ಪರೀಕ್ಷೆ ಇನ್ನೂ ಕಷ್ಟ: ಆರೋಗ್ಯವಂತರ ರಕ್ತದಲ್ಲಿ ಆಕ್ಸಲೇಟ್ ಇರುವುದೇ ಅತ್ಯಲ್ಪ, ಮಾದರಿಯನ್ನು ಕೂಡಲೇ ತಣ್ಣಗಿಟ್ಟು ಬೇರ್ಪಡಿಸದಿದ್ದರೆ ಫಲಿತಾಂಶ ನಂಬಲಾಗದು. ಮಕ್ಕಳಿಗೆ ಕಲ್ಲಾದಾಗಲಂತೂ ಮೂತ್ರದ ಆಕ್ಸಲೇಟ್ ಪರೀಕ್ಷೆ ಬಿಡಲೇಬಾರದು. ಆಕ್ಸಲೇಟ್ ಅತಿಯಾಗಿ ತಯಾರಾಗುವ ವಂಶವಾಹಿ ಕಾಯಿಲೆಯೊಂದಿದೆ, ತಡವಾಗಿ ಪತ್ತೆಯಾದರೆ ಕಿಡ್ನಿಯೇ ಹೋಗಬಹುದು.

"ಕಲ್ಲಿದೆ, ಹಾಲು ಮೊಸರು ಬಿಡಿ" ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಅದು ತಪ್ಪು. ಊಟದ ಜೊತೆ ಸೇರಿದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ. ಇಟಲಿಯಲ್ಲಿ ಮತ್ತೆಮತ್ತೆ ಕಲ್ಲಾಗುತ್ತಿದ್ದ 120 ಗಂಡಸರನ್ನು 5 ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿತ ಮಾಡಿದವರಿಗಿಂತ, ಕ್ಯಾಲ್ಸಿಯಂ ಬಿಡದೆ ಉಪ್ಪು ಮತ್ತು ಮಾಂಸ ತಗ್ಗಿಸಿದವರಲ್ಲಿ ಕಲ್ಲು ಮರಳಿದ್ದು ಸುಮಾರು ಅರ್ಧದಷ್ಟೇ.

ಸಕ್ಕರೆ ಕಾಯಿಲೆಯವರು, ಕಿಡ್ನಿ ಈಗಾಗಲೇ ಸೋತವರು, ಒಮ್ಮೆ ಕಲ್ಲು ಕಂಡವರು ಇಂಥ ರಸ, ಹಸಿರು ಜ್ಯೂಸ್, ವಿಟಮಿನ್ ಸಿ ಮಾತ್ರೆ ದಿನವೂ ಸೇವಿಸುತ್ತಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಏನೇನು ಕುಡಿಯುತ್ತಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.