ಕೈ ಚಿಕ್ಕದಾದರೇನು, ಹಿಡಿತವೂ ಚಿಕ್ಕದೇ?



ಆರೋಗ್ಯದ ಕುರಿತು ನಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಮಂಡಿನೋವು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದವು. ಈಚೆಗೆ ಹೊಸದೊಂದು ಪ್ರಶ್ನೆಯೂ ಸೇರಿಕೊಂಡಿದೆ. "ಜಿಮ್ಮಿನಲ್ಲಿ ತೂಕ ಎತ್ತುವಾಗ ಕಾಲು, ಬೆನ್ನು ಇನ್ನೂ ಆಗುತ್ತದೆ ಅನ್ನುತ್ತವೆ, ಕೈ ಮಾತ್ರ ಬಿಟ್ಟುಬಿಡುತ್ತದೆ. ನನ್ನ ಕೈ ಚಿಕ್ಕದು. ಈ ಆಟ ನನಗೆ ಆಗಿಬರುವುದಿಲ್ಲವೇ?" ಕೇಳುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು, ಸಣ್ಣ ಮೈಕಟ್ಟಿನ ಹುಡುಗರೂ ಇದ್ದಾರೆ. ಒಂದಿಬ್ಬರು ಬಿಟ್ಟೇಬಿಡುವ ಯೋಚನೆಯಲ್ಲಿದ್ದರು. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮವರೇ ಒಬ್ಬರ ವಿಷಯ. ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು. ವಿಭಾಗ 56 ಕೆ.ಜಿ. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ಅವರ ಅಂಗೈಯನ್ನು ನಾನೇನೂ ಅಳೆದಿಲ್ಲ ಬಿಡಿ! ಆದರೆ ಇಂಥ ಹಗುರ ವಿಭಾಗಗಳಲ್ಲಿ ನಿಲ್ಲುವವರು ಸಾಮಾನ್ಯವಾಗಿ ಗಿಡ್ಡನೆಯ, ಸಣ್ಣ ಮೈಕಟ್ಟಿನವರು. ತಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಭಾರವನ್ನು ಅವರು ಹಿಡಿದೆತ್ತುವುದು ದೊಡ್ಡ ದೇಹದವರು ಬಳಸುವ ಅದೇ ಸರಳಿನಲ್ಲಿ.

ಇನ್ನು ಮೀರಾಬಾಯಿ ಚಾನು. ಐದಡಿಗೆ ಒಂದಿಂಚು ಕಡಿಮೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 49 ಕೆ.ಜಿ. ವಿಭಾಗದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ಮಣಿಪುರದ ಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ಸೌದೆ ಹೊರೆ ಹೊತ್ತವರು.

ಇಲ್ಲೊಂದು ಸೂಕ್ಷ್ಮವಿದೆ. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ಸರಳು, ಅಂದರೆ ಬಾರ್, 20 ಕೆ.ಜಿ. ತೂಗುತ್ತದೆ, ದಪ್ಪ 28 ಮಿಲಿಮೀಟರ್. ಹೆಂಗಸರ ಸರಳು 15 ಕೆ.ಜಿ., ದಪ್ಪ 25 ಮಿಲಿಮೀಟರ್. ಮೂರು ಮಿಲಿಮೀಟರ್ ಯಾವ ಮಹಾ ಅನ್ನಿಸಬಹುದು. ಆದರೆ ಬೆರಳು ಸುತ್ತಬೇಕಾದದ್ದು ಸುತ್ತಳತೆಯನ್ನು. 28ರ ಸರಳಿನ ಸುತ್ತಳತೆ ಸುಮಾರು 88 ಮಿಲಿಮೀಟರ್, 25ರದ್ದು ಸುಮಾರು 79. ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಅಂತರ! ನಿಮ್ಮ ತೋರುಬೆರಳಿನ ತುದಿಯ ಗೆಣ್ಣಿನ ಮೇಲೆ ಒಂದು ಸೆಂಟಿಮೀಟರ್ ಗುರುತು ಹಾಕಿ ನೋಡಿ, ಎಷ್ಟು ನಷ್ಟವಾಗುತ್ತಿದೆ ಎಂಬುದು ತಿಳಿಯುತ್ತದೆ.

ನಮ್ಮ ಬಡಾವಣೆಗಳ ಜಿಮ್ಮುಗಳಲ್ಲಿ ಇರುವುದು ಬಹಳ ಮಟ್ಟಿಗೆ ಒಂದೇ ಬಗೆಯ ದಪ್ಪ ಸರಳು. ಅದನ್ನು ಹಿಡಿದು ಕೈ ಜಾರಿದ ಹೆಣ್ಣುಮಗಳು "ನನ್ನ ಕೈಯೇ ದುರ್ಬಲ" ಅಂದುಕೊಳ್ಳುತ್ತಾಳೆ. ಅಳತೆ ತಪ್ಪಿದ ಚಪ್ಪಲಿ ಹಾಕಿಕೊಂಡು ಕಾಲನ್ನು ಬೈದಂತೆ ಇದು. ಜಿಮ್ಮಿನಲ್ಲಿ 15 ಕೆ.ಜಿ.ಯ ಸರಳು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ತರಿಸಲು ಹೇಳಿ. ಆದರೆ ನಿಮ್ಮ ಗುರಿ ಪವರ್‌ಲಿಫ್ಟಿಂಗ್ ಆಗಿದ್ದರೆ ತೆಳು ಸರಳಿಗೆ ಒಗ್ಗಿಕೊಳ್ಳಬೇಡಿ. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಸರಳು, 28ರಿಂದ 29 ಮಿಲಿಮೀಟರ್ ದಪ್ಪದ್ದು.

ಸರಳು ಬದಲಾಗದಿದ್ದರೆ ಹಿಡಿಯುವ ರೀತಿ ಬದಲಾಗಬೇಕು. ಸಾಮಾನ್ಯವಾಗಿ ನಾವು ಬೆರಳುಗಳನ್ನು ಸುತ್ತಿ ಅವುಗಳ ಮೇಲೆ ಹೆಬ್ಬೆರಳು ಇಡುತ್ತೇವೆ. ಭಾರ ಹೆಚ್ಚಿದಂತೆ ಸರಳು ಉರುಳುತ್ತಾ ಬೆರಳುಗಳನ್ನು ಬಿಡಿಸುತ್ತದೆ. ಹುಕ್ ಗ್ರಿಪ್ ಎಂಬ ಹಿಡಿತದಲ್ಲಿ ಇದು ತಿರುವುಮುರುವು. ಹೆಬ್ಬೆರಳನ್ನು ಮೊದಲು ಸರಳಿಗೆ ಒತ್ತಿ ಸುತ್ತಿ, ತೋರುಬೆರಳು, ನಡುಬೆರಳುಗಳನ್ನು ಅದರ ಮೇಲೆ ತಂದು ಬಿಗಿಯಬೇಕು. ಆಗ ಹೆಬ್ಬೆರಳು ಬೆಣೆಯಂತೆ ಸಿಕ್ಕಿಕೊಂಡು ಸರಳು ಉರುಳಲು ಬಿಡುವುದಿಲ್ಲ. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಮಾಡುವವರೆಲ್ಲ ಹಿಡಿಯುವುದು ಹೀಗೇ.

"ನನ್ನ ಬೆರಳು ಅಷ್ಟು ದೂರ ಬರುವುದಿಲ್ಲ" ಅನ್ನುತ್ತೀರಾ? ಹೆಬ್ಬೆರಳು ಪೂರ್ತಿ ಮುಚ್ಚಬೇಕೆಂದಿಲ್ಲ. ಉಗುರಿನ ಅಂಚಿಗೆ ಎರಡು ಬೆರಳು ಸಿಕ್ಕರೂ ಕೆಲಸ ನಡೆಯುತ್ತದೆ. ಮೊದಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ಸರಳಿಗೆ ಚೆನ್ನಾಗಿ ಒತ್ತಿ, ಆಮೇಲೆ ಬೆರಳು ಸುತ್ತಿ. ಆರಂಭದ ಎರಡು ಮೂರು ವಾರ ಹೆಬ್ಬೆರಳು ನೋಯುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹಗುರ ತೂಕದಲ್ಲೇ ಅಭ್ಯಾಸ ಮಾಡಿ. ಎಳೆದರೆ ಹಿಗ್ಗುವ ಬಟ್ಟೆಯ ಟೇಪನ್ನು ಹೆಬ್ಬೆರಳಿಗೆ ಒಂದು ಸುತ್ತು ಹಾಕಿಕೊಂಡರೆ ನೋವು ಕಡಿಮೆ. ಇನ್ನೊಂದು ಮಾತು: ಸರಳನ್ನು ಅಂಗೈಯ ನಡುವೆ ಇಡಬೇಡಿ, ಬೆರಳುಗಳು ಅಂಗೈಗೆ ಸೇರುವ ಗೆರೆಯಲ್ಲಿಡಿ. ನಡುವೆ ಇಟ್ಟರೆ ಎತ್ತುವಾಗ ಅದು ಕೆಳಗೆ ಜಾರಿ ಚರ್ಮವನ್ನು ಮಡಚುತ್ತದೆ, ಜಡ್ಡುಗಟ್ಟಿ ಕಿತ್ತುಬರುತ್ತದೆ.

ಮಣಿಕಟ್ಟಿಗೂ ಸರಳಿಗೂ ಸುತ್ತುವ ಪಟ್ಟಿಗಳನ್ನು ಕೆಲವು ತರಬೇತುದಾರರು ಮೊದಲ ದಿನವೇ ಕೊಟ್ಟುಬಿಡುತ್ತಾರೆ. ನನಗಿದು ಸರಿಕಾಣದು. ಸ್ಪರ್ಧೆಯಲ್ಲಿ ಅವಕ್ಕೆ ಅವಕಾಶವಿಲ್ಲ. ಅಲ್ಲದೆ, ಪಟ್ಟಿ ಹಿಡಿಯುತ್ತಿದ್ದರೆ ಕೈ ಕಲಿಯುವುದು ಯಾವಾಗ?

ನಮ್ಮ ಚೆನ್ನೈಯಲ್ಲಿ ಕೈಗಿಂತ ದೊಡ್ಡ ಶತ್ರು ಬೆವರು. ಕತ್ತರಿ ಬಿಸಿಲಿನ ದಿನಗಳಿರಲಿ, ಮಾರ್ಗಳಿಯಲ್ಲೂ ಕಡಲ ಗಾಳಿಯ ತೇವಕ್ಕೆ ಬೆವರು ಆರುವುದೇ ಇಲ್ಲ. ಇದಕ್ಕೆ ಮದ್ದು ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ, ಜಿಮ್ಮಿನವರು ಚಾಕ್ ಅನ್ನುತ್ತಾರೆ. ಅದು ತೇವ ಹೀರಿಕೊಳ್ಳುತ್ತದೆ. ಧೂಳೆಂದು ಜಿಮ್ಮಿನವರು ಬೇಡವೆಂದರೆ ದ್ರವರೂಪದ ಚಾಕ್ ಸಿಗುತ್ತದೆ. ಮುಖಕ್ಕೆ ಹಚ್ಚುವ ಪೌಡರ್ ಮಾತ್ರ ಖಂಡಿತ ಬೇಡ. ಅದು ಜಾರುವ ವಸ್ತು. ಪವರ್‌ಲಿಫ್ಟಿಂಗ್‌ನವರು ಸರಳು ಸಲೀಸಾಗಿ ಜಾರಲೆಂದೇ ಅದನ್ನು ತೊಡೆಗೆ ಹಚ್ಚಿಕೊಳ್ಳುತ್ತಾರೆ! ತಲೆಗೆ ಎಣ್ಣೆ ಹಚ್ಚಿ ಜಿಮ್ಮಿಗೆ ಹೋಗುವವರೂ ಕೈ ತೊಳೆದುಕೊಳ್ಳುವುದು ಒಳ್ಳೆಯದು.

ಈಗ ಬಲ ಬೆಳೆಸುವ ವಿಷಯ. ಬೆರಳುಗಳನ್ನು ಬಲವಾಗಿ ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳ ತುದಿಗೆ ಹೋಗುತ್ತವೆ, ತೊಗಲುಗೊಂಬೆಯ ಸೂತ್ರದ ಹಾಗೆ. ಕೈಯ ಅಳತೆ ದೇವರು ಕೊಟ್ಟದ್ದು. ಮುಂಗೈ ಹಾಗಲ್ಲ, ದುಡಿಸಿದಷ್ಟು ಬೆಳೆಯುತ್ತದೆ. ಬಾವಿಯಿಂದ ನೀರು ಸೇದಿ, ಬಟ್ಟೆ ಹಿಂಡಿ, ರುಬ್ಬುಗುಂಡು ತಿರುಗಿಸಿದ ನಮ್ಮಜ್ಜಿಯರ ಕೈ ಎಷ್ಟು ದೊಡ್ಡದಿತ್ತು? ಹಿಡಿದರೆ ಬಿಡಿಸಿಕೊಳ್ಳಲು ಆಗುತ್ತಿತ್ತೇ?

ವಾರಕ್ಕೆ ಎರಡು ದಿನ, ನಿಮ್ಮ ಮಾಮೂಲು ವ್ಯಾಯಾಮ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಮೊದಲನೆಯದು ಜೋತಾಡುವುದು. ಎತ್ತರದ ಸರಳು ಹಿಡಿದು ಹತ್ತು ಸೆಕೆಂಡು, ಮೂರು ಸಲ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಮೂವತ್ತಕ್ಕೆ ತನ್ನಿ. ಪೂರ್ತಿ ಭಾರ ತಾಳದಿದ್ದರೆ ಕಾಲ ತುದಿ ಸ್ಟೂಲಿನ ಮೇಲಿರಲಿ. ಎರಡನೆಯದು, ಡೆಡ್‌ಲಿಫ್ಟಿನ ಕೊನೆಯ ಸರದಿಯಲ್ಲಿ ಸರಳನ್ನು ಕೂಡಲೇ ಇಳಿಸದೆ ನಿಂತಲ್ಲೇ ಹತ್ತೆಣಿಸುವುದು.

ಮೂರನೆಯದು ನನಗೆ ಅಚ್ಚುಮೆಚ್ಚು, ಮನೆಯಲ್ಲೇ ಮಾಡುವಂಥದ್ದು. ನೀರಿನ ಲಾರಿ, ಪ್ಲಾಸ್ಟಿಕ್ ಕೊಡ, 20 ಲೀಟರಿನ ಕ್ಯಾನು ಕಾಣದ ಚೆನ್ನೈ ಮನೆ ಯಾವುದು? 2019ರ ಬೇಸಿಗೆಯನ್ನಂತೂ ಯಾರೂ ಮರೆತಿರಲಾರರು. ಎರಡು ಬಕೆಟ್‌ಗಳಿಗೆ ಹತ್ತತ್ತು ಲೀಟರ್ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗಿಟ್ಟು ಅರ್ಧ ನಿಮಿಷ ನಡೆಯಿರಿ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಜಿಮ್ಮಿನ ಡಂಬೆಲ್ ಒಮ್ಮೆಗೇ ಎರಡೂವರೆ ಕೆ.ಜಿ. ಜಿಗಿಯುತ್ತದೆ. ಚಿಕ್ಕ ಕೈಗೆ ಅದು ದೊಡ್ಡ ನೆಗೆತ. ಬಕೆಟ್ಟಿನಲ್ಲಾದರೆ ವಾರಕ್ಕೆ ಅರ್ಧ ಲೀಟರ್ ಸೇರಿಸುತ್ತಾ ಹೋಗಬಹುದು. ಹಿಡಿ ಕೈ ಕೊಯ್ದರೆ ಟವೆಲ್ ಸುತ್ತಿ. ಅದರಿಂದ ಹಿಡಿ ದಪ್ಪವಾಗಿ ಕಷ್ಟ ಹೆಚ್ಚುತ್ತದೆ, ಆದ್ದರಿಂದ ನೀರು ಸ್ವಲ್ಪ ಕಡಿಮೆ ಮಾಡಿ.

ಹೆಬ್ಬೆರಳಿಗೆ ಬೇರೆ ಕೆಲಸ ಬೇಕು. ದಪ್ಪ ಪುಸ್ತಕವೊಂದರ ಬೆನ್ನನ್ನು ಬೆರಳುಗಳಿಂದ ಚಿವುಟಿ ಹಿಡಿದು ಇಪ್ಪತ್ತು ಸೆಕೆಂಡು ನಿಲ್ಲಿ. ನನ್ನಂಥ ಕನ್ನಡ ಬಿ.ಎ.ಗಳ ಮನೆಯಲ್ಲಿ ಕಿಟ್ಟೆಲ್ ನಿಘಂಟು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಟ್ಟೆ ಸುತ್ತಿಕೊಳ್ಳಿ, ರಟ್ಟು ಹಾಳಾದೀತು. ಪಾಂಡಿ ಬಜಾರಿನಲ್ಲಿ ಸಿಗುವ ಸ್ಪ್ರಿಂಗ್ ಒತ್ತುಗಗಳು? ತೆಗೆದುಕೊಂಡರೆ ಅಡ್ಡಿಯಿಲ್ಲ. ಆದರೆ ಹಿಂಡುವ ಬಲವೇ ಬೇರೆ, ಬಿಡದೆ ಹಿಡಿದಿರುವ ಬಲವೇ ಬೇರೆ. ನಿಮಗೆ ಬೇಕಾದದ್ದು ಎರಡನೆಯದು.

ಜಿಮ್ಮಿನ ಮುಖ ನೋಡದವರೂ ಇಲ್ಲಿಯವರೆಗೆ ಓದಿದ್ದರೆ ಒಂದು ಸುದ್ದಿ. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತ ಅಳೆದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಿಡಿತ ಐದು ಕೆ.ಜಿ. ಕಡಿಮೆಯಿದ್ದಂತೆ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು. ಹಿಡಿತವೇ ಆಯುಸ್ಸು ಕೊಡುತ್ತದೆ ಎಂದು ಇದರ ಅರ್ಥವಲ್ಲ. ಇಡೀ ಮೈಯ ಸ್ಥಿತಿಯನ್ನು ಅದು ತೋರಿಸುತ್ತದೆ, ಅಷ್ಟೆ. ಅರವತ್ತು ದಾಟಿದವರೂ ಎರಡೆರಡು ಲೀಟರಿನಿಂದ ಬಕೆಟ್ ನಡಿಗೆ ಶುರುಮಾಡಬಹುದು. ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿಕೊಂಡು, ಉಸಿರು ಬಿಗಿಹಿಡಿಯದೆ ಮಾಡಿ.

ಅವಸರ ಮಾತ್ರ ಬೇಡ. ಸ್ನಾಯು ಬೇಗ ಬಲಿಯುತ್ತದೆ, ಸ್ನಾಯುರಜ್ಜು ನಿಧಾನ. ಮೊಣಕೈಯ ಒಳಬದಿ ನೋಯತೊಡಗಿದರೆ ತೂಕ ಅರ್ಧಕ್ಕೆ ಇಳಿಸಿ, ವಾರಕ್ಕೆ ಒಂದೇ ದಿನ ಮಾಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರಕ್ಕೆ ಒತ್ತಡ ಬೀಳುತ್ತಿರಬಹುದು; ಬಕೆಟ್ ಕೆಳಗಿಟ್ಟು ವೈದ್ಯರ ಬಳಿ ಹೋಗಿ.