ಕಪ್ಪೆ ಈಜು ಕೈಯದೋ, ಕಾಲಿನದೋ?

ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಬ್ರೆಸ್ಟ್‌ಸ್ಟ್ರೋಕ್ ಹೊಸದೇನಲ್ಲ. ಅದು ನಮ್ಮ ಕಪ್ಪೆ ಈಜು. ನೋಡುವವರ ಕಣ್ಣು ಕೈ ಮೇಲೆ, ಆದರೆ ಕೆಲಸವೆಲ್ಲ ಕಾಲಿನದು. ಮೊಣಕಾಲು ಮಡಚಿ, ಪಾದ ಹೊರಕ್ಕೆ ತಿರುಗಿಸಿ, ನೀರನ್ನು ಹಿಂದಕ್ಕೆ ಒದ್ದು ಎರಡೂ ಕಾಲು ಜೋಡಿಸಿದಾಗಲೇ ಮೈ ಮುಂದಕ್ಕೆ ಜಾರುವುದು. ಪ್ಯಾರಾ ಈಜಿನಲ್ಲಿ ಈ ಒಂದು ಶೈಲಿಗೆ 'ಎಸ್‌ಬಿ' ಎಂಬ ಬೇರೆ ವರ್ಗೀಕರಣ ಇರುವುದೂ ಇದಕ್ಕೇ. ಬೆಂಗಳೂರಿನ ಶರತ್ ಗಾಯಕ್‌ವಾಡ್ ಅವರನ್ನೇ ನೋಡಿ. ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿಲ್ಲ. ಆದರೂ 2010ರ ಗುವಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದರು, 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದರು.

'ನಿಯಮ ಸಡಿಲಿಸಿದರೆ ಯಾರು ಬೇಕಾದರೂ ಗೆಲ್ಲಬಹುದು' ಅನ್ನುವವರಿದ್ದಾರೆ. ಸಡಿಲಿಕೆ ಎಷ್ಟು ಗೊತ್ತೇ? ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕಾದಲ್ಲಿ, ಉದ್ದದ ಕೈ ಮುಟ್ಟಿದರೆ ಸಾಕು. ಅಷ್ಟೇ! ಎಳೆತದ ಕೊರತೆ ತುಂಬಬೇಕಾದವರು ಈಜುಗಾರರೇ, ಎದುರಾಳಿಗಳೂ ಅದೇ ವರ್ಗದವರು. 2014ರ ಇಂಚಿಯಾನ್ ಪ್ಯಾರಾ ಕೂಟದಲ್ಲಿ ಶರತ್ 6 ಪದಕ ಗೆದ್ದಾಗ, 1986ರಲ್ಲಿ ಪಿ.ಟಿ. ಉಷಾ ಗೆದ್ದ 5 ಪದಕಗಳ ದಾಖಲೆ ಮುರಿಯಿತು ಎಂದರು. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ; ಕೂಟವೂ ಬೇರೆ, ಆಟವೂ ಬೇರೆ. ಉಷಾ ಹೆಸರಿಲ್ಲದೆಯೂ ಆ 6 ಪದಕ ದೊಡ್ಡವೇ. ಮರುವರ್ಷ, 2015ರಲ್ಲಿ, ಅವರಿಗೆ ಅರ್ಜುನ ಪ್ರಶಸ್ತಿ ಬಂತು.