ಒರೆಸಿದ ಮೇಲೆ ಇನ್ನೊಮ್ಮೆ ಒರೆಸಿ

ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ವೃದ್ಧಾಶ್ರಮ ನೋಡಲು ಬಂದವರು ಮುಖ ಕಾಣುವಷ್ಟು ಹೊಳೆಯುವ ನೆಲ ಕಂಡು ಖುಷಿಪಡುತ್ತಾರೆ. ನನಗಂತೂ ಅಂಥ ನೆಲ ಕಂಡರೆ ಭಯ.

ನಡೆಯುವಾಗ ಮೊದಲು ಊರುವುದು ಹಿಮ್ಮಡಿ. ಆಗ ನೆಲದ ಮೇಲೆ ತೆಳುವಾಗಿ ನೀರು ನಿಂತಿದ್ದರೆ ಹಿಮ್ಮಡಿಗೆ ಟೈಲ್ಸ್ ಸಿಗುವುದೇ ಇಲ್ಲ. ನೀರಿನ ಮೇಲೆ ಸರ್ರನೆ ಮುಂದಕ್ಕೆ ಹೋಗುತ್ತದೆ. ಹರೆಯದವರು ಹೇಗೋ ಸಾವರಿಸಿಕೊಂಡಾರು, ಎಂಬತ್ತರ ಅಜ್ಜಿಯ ಸೊಂಟದ ಮೂಳೆ ಮುರಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನೀರು ಆರಿದ ಮೇಲೂ ನೆಲ ಅಂಟಂಟಾಗಿದ್ದರೆ ತಪ್ಪು ಬಕೆಟ್ಟಿನಲ್ಲಿದೆ. ಘಮಘಮಿಸಲೆಂದು ಒಂದು ಮುಚ್ಚಳದ ಜಾಗದಲ್ಲಿ ನಾಲ್ಕು ಮುಚ್ಚಳ ಕ್ಲೀನರ್ ಸುರಿದಿರುತ್ತಾರೆ. ಅದರ ಸೋಪಿನಂಶ ನೆಲಕ್ಕೆ ಹತ್ತಿಕೊಂಡು, ನಾಲ್ಕು ಹನಿ ನೀರು ಬಿದ್ದರೂ ಮತ್ತೆ ಜಾರುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಹಾಕಿ. ಎರಡು ಬಕೆಟ್ ಇಡಿ: ಒಂದು ಕ್ಲೀನರ್ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಕೊನೆಗೆ ಒಣಬಟ್ಟೆ. ಕೆಲಸದವರು ಅವಸರದಲ್ಲಿ ಬಿಡುವುದು ಈ ಒಣಬಟ್ಟೆಯನ್ನೇ. ವರಾಂಡಾವನ್ನು ಉದ್ದಕ್ಕೆ ಅರ್ಧರ್ಧ ಮಾಡಿ ಒರೆಸಿದರೆ, ಕೈಹಿಡಿ ಇರುವ ಒಂದು ಬದಿಯಾದರೂ ಒಣಗಿರುತ್ತದೆ. ಬೆಳಗ್ಗೆ ಎಲ್ಲರೂ ಬಚ್ಚಲಿಗೆ ಓಡಾಡುವ ಹೊತ್ತು ಬೇಡ, ತಿಂಡಿಯಾದ ಮೇಲೆ ಒರೆಸಲಿ.

ಸ್ನಾನ ಮುಗಿಸಿ ಬಂದವರು ಮಂಚದ ಪಕ್ಕ ನಿಂತು ಪೌಡರ್ ಹಾಕಿಕೊಳ್ಳುತ್ತಾರೆ, ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಕೆಳಗೆ ಉದುರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಚು ಸುರುಟಿದ ಕಾಲೊರಸನ್ನು ಎಸೆದುಬಿಡಿ. ಮರೆವಿನ ಕಾಯಿಲೆಯ ಕೆಲವರಿಗೆ ಕಪ್ಪು ಮ್ಯಾಟ್ ಹೊಂಡದಂತೆ ಕಾಣುತ್ತದೆ. ದಾಟಲು ಹೋಗಿ ಆಯ ತಪ್ಪುತ್ತಾರೆ. ಇನ್ನು ಬಚ್ಚಲಿಗೆ ಆ್ಯಸಿಡ್ ಹಾಕುವ ಚಾಳಿ! ಅದು ಕೊಳೆಯ ಜೊತೆ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ಅಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ.

ಹೊಸದಾಗಿ ನೆಲ ಹಾಕಿಸುವವರು ಅಂಗಡಿಯಲ್ಲಿ ‘ಆರ್’ ಸಂಖ್ಯೆ ಕೇಳಬೇಕು. ಇದು ಜರ್ಮನಿಯ ಲೆಕ್ಕ: ಟೈಲ್ಸ್ ಜೋಡಿಸಿದ ಹಲಗೆಗೆ ಎಣ್ಣೆ ಸವರಿ, ಅದನ್ನು ನಿಧಾನಕ್ಕೆ ಓರೆ ಮಾಡುತ್ತಾ, ಕಾಲು ಅಳುಕುವವರೆಗೆ ಮನುಷ್ಯನನ್ನು ನಡೆಸಿ ನೋಡುತ್ತಾರೆ. ಆರ್ 9 ಎಂದರೆ ಕಡಿಮೆ ಹಿಡಿತ, ಆರ್ 13 ಅತಿ ಹೆಚ್ಚು. ಪಾಲಿಶ್ ಮಾಡದ ಶಹಾಬಾದ್ ಕಲ್ಲೂ ಕಾಲಿಗೆ ಒಳ್ಳೆಯದೇ.

ಆಶ್ರಮ ನೋಡಲು ಹೋದಾಗ ನೇರ ಬಚ್ಚಲ ಬಾಗಿಲಿಗೆ ಹೋಗಿ, ಹೊರಗಿನ ನೆಲಕ್ಕೆ ಅಂಗೈ ಒತ್ತಿ ನೋಡಿ. ಕೈ ಒದ್ದೆಯಾದರೆ ಕಾರಣ ಕೇಳಿ.